ಅರಸನ ಯುದ್ಧ, ಗಡಿಯವರ ನಾಲಗೆ

ನಮ್ಮ ಕಡೆ ಐತಿಹಾಸಿಕ ನಾಟಕ ಎಂದರೆ ಅರಸ, ಅರಸನ ಕತ್ತಿ, ಅರಸನ ಉದ್ದುದ್ದ ಮಾತು. ಕೃಷ್ಣದೇವರಾಯನಿರಲಿ, ಟಿಪ್ಪುವಿರಲಿ, ಅಬ್ಬಕ್ಕ ರಾಣಿಯಿರಲಿ, ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಪಳಶ್ಶಿ ರಾಜನಿರಲಿ, ಕಟ್ಟುವ ಕ್ರಮ ಒಂದೇ. ಪುಸ್ತಕದ ಹಾಗೆ ಮಾತನಾಡಬಲ್ಲ ಹುಡುಗನಿಗೆ ಅರಸನ ಪಾರ್ಟು. ಎತ್ತರ ಇದ್ದವನಿಗೆ ಸೇನಾಪತಿಯ ಪಾರ್ಟು. ನಡುನಡುವೆ ಸಭೆ ಆಕಳಿಸಬಾರದಲ್ಲ, ಅದಕ್ಕೆ ಒಬ್ಬ ದೂತನೋ ಕಾವಲುಗಾರನೋ ಸಿಪಾಯಿಯೋ ಬೇಕು. ಅವನು ಬಂದು ತಪ್ಪು ತಪ್ಪಾಗಿ ಮಾತನಾಡಬೇಕು. ಅವನ ಹಾಸ್ಯದ ಬಂಡವಾಳವೆಲ್ಲ ಅವನ ಉಚ್ಚಾರ. ಕನ್ನಡ ನಾಟಕವಾದರೆ ಅವನ ಕನ್ನಡದಲ್ಲಿ ಮಲಯಾಳದ ಎಳೆತ, ಮಲಯಾಳ ನಾಟಕವಾದರೆ ಅವನ ಮಲಯಾಳದಲ್ಲಿ ಕನ್ನಡದ ಒರಟು. ಸಭೆ ನಗುತ್ತದೆ, ತೀರ್ಪುಗಾರರೂ ನಗುತ್ತಾರೆ, ಹಾಸ್ಯ ಪಾತ್ರಕ್ಕೆ ಬಹುಮಾನವೂ ಸಿಗುತ್ತದೆ.

ಈ ಪದ್ಧತಿ ನಿಲ್ಲಬೇಕು ಎಂಬುದು ನನ್ನ ವಾದ. ಬೇರೆ ಕಡೆಯವರು ನಿಲ್ಲಿಸಲಿ, ಬಿಡಲಿ. ಗಡಿನಾಡಿನ ರಂಗಸ್ಥಳದಲ್ಲಿ ಇದು ನಡೆಯಕೂಡದು.

"ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇ?" ಎಂದು ಕೇಳುವವರಿದ್ದಾರೆ. ನಮ್ಮ ನಾಟಕಗಳನ್ನೇ ಎತ್ತಿಕೊಂಡು ಉತ್ತರ ಕೊಟ್ಟರೆ ಯಾರದೋ ಮೇಲೆ ಬೆರಳು ತೋರಿಸಿದ ಹಾಗಾಗುತ್ತದೆ. ಆದ್ದರಿಂದ ದೂರದ ಒಂದು ನಾಟಕವನ್ನು ತೆಗೆದುಕೊಳ್ಳುತ್ತೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರೆಲ್ಲ ಹೆಸರಾದರೂ ಕೇಳಿದ ಷೇಕ್ಸ್‌ಪಿಯರನ 'ಐದನೆಯ ಹೆನ್ರಿ' ಅದು. ಯುದ್ಧಕ್ಕೆ ಹೊರಟ ಒಬ್ಬ ಅರಸನ ಕಥೆ. ಅದನ್ನು ಅರಸನ ನಾಟಕವೆಂದೇ ಪಾಠ ಹೇಳುತ್ತಾರೆ. ಅರಸನ ಎರಡು ಭಾಷಣಗಳನ್ನು ಬಾಯಿಪಾಠ ಮಾಡಿಸುತ್ತಾರೆ. ನಾನು ಆ ನಾಟಕವನ್ನು ಎಷ್ಟೋ ವರ್ಷಗಳಿಂದ ಓದುತ್ತ ಬಂದಿದ್ದೇನೆ. ಓದಿದಷ್ಟೂ ನನ್ನ ಕಣ್ಣು ಅರಸನನ್ನು ಬಿಟ್ಟು ಅವನ ಸುತ್ತ ನಿಂತವರ ಕಡೆಗೇ ಹೋಗುತ್ತದೆ.

ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಅರಸ ಐದನೆಯ ಹೆನ್ರಿ ಫ್ರಾನ್ಸಿನ ಸಿಂಹಾಸನ ತನಗೆ ಸಲ್ಲಬೇಕೆಂದು 1415ರಲ್ಲಿ ಸಮುದ್ರ ದಾಟುತ್ತಾನೆ. ಹಾರ್‌ಫ್ಲರ್ ಎಂಬ ಕೋಟೆಪಟ್ಟಣಕ್ಕೆ ಮುತ್ತಿಗೆ ಹಾಕಿ ಗೆಲ್ಲುತ್ತಾನೆ. ಅಕ್ಟೋಬರ್ 25ರಂದು ಅಜಿನ್‌ಕೋರ್ಟ್ ಎಂಬಲ್ಲಿ ತನಗಿಂತ ದೊಡ್ಡ ಸೈನ್ಯವನ್ನು ಸೋಲಿಸುತ್ತಾನೆ. ಕೊನೆಗೆ ಫ್ರಾನ್ಸಿನ ರಾಜಕುಮಾರಿ ಕ್ಯಾಥರಿನ್‌ಳನ್ನು ಮದುವೆಯಾಗುತ್ತಾನೆ. ನಾಟಕ ಬರೆದದ್ದು ಸುಮಾರು 1599ರಲ್ಲಿ, ಎಂದರೆ ಯುದ್ಧ ನಡೆದು 180 ವರ್ಷಗಳು ಕಳೆದ ಮೇಲೆ.

ಹಾರ್‌ಫ್ಲರ್ ಮುತ್ತಿಗೆಯ ನಡುವೆ ಒಂದು ಸಣ್ಣ ದೃಶ್ಯ ಬರುತ್ತದೆ. ನಾಲ್ವರು ಕ್ಯಾಪ್ಟನ್ನರು ಒಂದೆಡೆ ಸೇರುತ್ತಾರೆ. ಗವರ್ ಇಂಗ್ಲಿಷಿನವನು, ಫ್ಲುಯೆಲ್ಲೆನ್ ವೇಲ್ಸಿನವನು, ಮ್ಯಾಕ್‌ಮಾರಿಸ್ ಐರ್ಲೆಂಡಿನವನು, ಜೇಮಿ ಸ್ಕಾಟ್ಲೆಂಡಿನವನು. ನಾಲ್ವರದೂ ಒಂದೇ ದರ್ಜೆ, ಒಂದೇ ಯುದ್ಧ, ಒಬ್ಬನೇ ಅರಸ. ಆದರೆ ನೆಟ್ಟಗೆ ಮಾತನಾಡುವವನು ಗವರ್ ಒಬ್ಬನೇ. ಉಳಿದ ಮೂವರ ಇಂಗ್ಲಿಷು ಮೂರು ರೀತಿಯಲ್ಲಿ ಸೊಟ್ಟ. ವೇಲ್ಸಿನವನ ಬಾಯಲ್ಲಿ ಬಕಾರ ಪಕಾರವಾಗುತ್ತದೆ. ಐರಿಷಿನವನ ಬಾಯಲ್ಲಿ ಸಕಾರವೆಲ್ಲ ಶಕಾರ. ಸ್ಕಾಟಿನವನ ಸ್ವರಗಳೇ ಬೇರೆ. ಲಂಡನ್ನಿನ ಸಭೆ ಇದಕ್ಕೆ ನಗಬೇಕೆಂದೇ ಅದನ್ನು ಹಾಗೆ ಬರೆದದ್ದು.

ಇನ್ನೂ ಒಂದು ವಿಷಯ ಕೇಳಿ. 1623ರಲ್ಲಿ ಷೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟ ಅಚ್ಚಾಯಿತು. ಅದರಲ್ಲಿ ಈ ದೃಶ್ಯದ ಮಾತುಗಳ ಎದುರು ಪಾತ್ರದ ಹೆಸರು ಹಾಕಿರುವ ರೀತಿ ನೋಡಬೇಕು. ಇಂಗ್ಲಿಷಿನವನ ಎದುರು 'ಗವರ್' ಎಂದು ಅವನ ಹೆಸರೇ ಇದೆ. ಉಳಿದ ಮೂವರ ಎದುರು 'ವೆಲ್ಷ್', 'ಐರಿಷ್', 'ಸ್ಕಾಟ್' ಎಂದು ಜಾತಿ ಮಾತ್ರ ಇದೆ. ಹೆಸರಿದ್ದ ಮೂವರು ಮನುಷ್ಯರು ಒಟ್ಟು ಸೇರಿದ ಕೂಡಲೇ ಅಚ್ಚಿನಲ್ಲಿ ಮೂರು ಜನಾಂಗಗಳ ಮಾದರಿಗಳಾಗಿಬಿಟ್ಟರು. ಅದಕ್ಕೂ ಮೊದಲು 1600ರಲ್ಲಿ ಬಂದ ಚಿಕ್ಕ ಆವೃತ್ತಿಯಲ್ಲಿ ಐರಿಷಿನವನೂ ಸ್ಕಾಟಿನವನೂ ಇಲ್ಲವೇ ಇಲ್ಲ. ಇದ್ದರೆ ಜಾತಿಯ ಹೆಸರಿನಲ್ಲಿ ಇರಬೇಕು, ಇಲ್ಲದಿದ್ದರೆ ಇಲ್ಲ. ಗಡಿಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದು ಹೊಸದಲ್ಲ. ತಿರುವನಂತಪುರಕ್ಕೆ ಹೋದರೆ ನಾವು 'ಕಾಸರಗೋಡಿನವರು'. ಬೆಂಗಳೂರಿಗೆ ಹೋದರೂ 'ಕಾಸರಗೋಡಿನವರು'. ನಮ್ಮ ಹೆಸರು ಕೇಳುವುದು ಆಮೇಲೆ.

ಫ್ಲುಯೆಲ್ಲೆನ್ ದೊಡ್ಡ ಪಾತ್ರ. ಯುದ್ಧಶಾಸ್ತ್ರ ಓದಿದವನು, ರೋಮನ್ನರ ಕಾಲದ ಶಿಸ್ತನ್ನು ಹೇಳಿ ಹೇಳಿ ಎಲ್ಲರ ತಲೆ ತಿನ್ನುವವನು. ಆದರೆ ಹೇಡಿಯಲ್ಲ, ಕಳ್ಳನಲ್ಲ, ಲಂಚಕೋರನಲ್ಲ. ಅಜಿನ್‌ಕೋರ್ಟಿನಲ್ಲಿ ಅರಸ ಸೆರೆಯಾಳುಗಳನ್ನು ಕೊಲ್ಲಲು ಆಜ್ಞೆ ಕೊಟ್ಟ ಮೇಲೆ ಬರುವ ದೃಶ್ಯದಲ್ಲಿ ಫ್ಲುಯೆಲ್ಲೆನ್ ತನ್ನ ಅರಸನನ್ನು ಮಹಾ ಅಲೆಕ್ಸಾಂಡರನಿಗೆ ಹೋಲಿಸುತ್ತಾನೆ. ಮಹಾ ಎಂಬರ್ಥದಲ್ಲಿ 'ಬಿಗ್' ಎನ್ನಲು ಹೋಗಿ ಅವನ ಬಾಯಲ್ಲಿ 'ಪಿಗ್' ಬರುತ್ತದೆ, ಲೋಕ ಗೆದ್ದ ಅಲೆಕ್ಸಾಂಡರ್ ಹಂದಿಯಾಗುತ್ತಾನೆ. ಸಭೆ ಹೊಟ್ಟೆ ಹಿಡಿದು ನಗುತ್ತದೆ. ಅಲೆಕ್ಸಾಂಡರ್ ಹುಟ್ಟಿದ ಮ್ಯಾಸಿಡನ್ನಿನಲ್ಲಿಯೂ ಹೊಳೆ ಇದೆ, ಹೆನ್ರಿ ಹುಟ್ಟಿದ ಮಾನ್‌ಮತ್ತಿನಲ್ಲಿಯೂ ಹೊಳೆ ಇದೆ, ಎರಡರಲ್ಲೂ ಮೀನಿದೆ ಎಂದು ಅವನು ಹೋಲಿಕೆ ಬೆಳೆಸಿದಾಗ ನಗೆ ಇನ್ನೂ ಏರುತ್ತದೆ. ಆ ನಗೆಯೊಳಗೆ ಅವನ ಮುಂದಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅಲೆಕ್ಸಾಂಡರ್ ಕುಡಿದ ಮತ್ತಿನಲ್ಲಿ ತನ್ನ ಗೆಳೆಯ ಕ್ಲೈಟಸನನ್ನು ಕೊಂದ. ನಮ್ಮ ಅರಸ ಎಚ್ಚರದಲ್ಲಿದ್ದುಕೊಂಡೇ ತನ್ನ ಹಳೆಯ ಗೆಳೆಯನನ್ನು, ಆ ದಪ್ಪ ಹೊಟ್ಟೆಯ ಮುದುಕನನ್ನು, ಕೈಬಿಟ್ಟ. ಫ್ಲುಯೆಲ್ಲೆನ್ ಹೇಳುವುದು ಇದನ್ನು. ಮುದುಕನ ಹೆಸರು ಅವನಿಗೆ ನೆನಪಿಲ್ಲ. ಗವರ್ ನೆನಪಿಸಿಕೊಡುತ್ತಾನೆ: ಫಾಲ್‌ಸ್ಟಾಫ್.

ಅರಸನ ಬಗ್ಗೆ ನಾಟಕದಲ್ಲಿ ಬರುವ ಅತಿ ಹರಿತವಾದ ಮಾತುಗಳಲ್ಲಿ ಇದೊಂದು. ಅದನ್ನು ಹೇಳಿದವನು ಹೊಗಳುತ್ತಿದ್ದೇನೆ ಎಂದುಕೊಂಡೇ ಹೇಳಿದ. ಕೇಳಿದವರು ಅವನ ಉಚ್ಚಾರಕ್ಕೆ ನಗುತ್ತಿದ್ದುದರಿಂದ ಕೇಳಿಸಿಕೊಳ್ಳಲಿಲ್ಲ. ಒಬ್ಬನ ನಾಲಗೆಯನ್ನು ನಗೆಗೆ ಒಪ್ಪಿಸಿದರೆ ಆಗುವ ಮೊದಲನೆಯ ನಷ್ಟ ಇದೇ. ಅವನು ಏನು ಹೇಳಿದ ಎಂಬುದನ್ನು ಆಮೇಲೆ ಯಾರೂ ಕೇಳುವುದಿಲ್ಲ.

ಈ ಅರಸನಿಗೂ ವೇಲ್ಸಿಗೂ ಇದ್ದ ಸಂಬಂಧವನ್ನು ನೋಡಿ. ಮಾನ್‌ಮತ್ ವೇಲ್ಸಿನ ಗಡಿಯ ಊರು. ಅಲ್ಲಿ ಹುಟ್ಟಿದ್ದರಿಂದ ನಾನೂ ವೆಲ್ಷ್‌ನವನೇ ಎಂದು ನಾಟಕದ ಹೆನ್ರಿ ಫ್ಲುಯೆಲ್ಲೆನ್ನನ ಬೆನ್ನು ತಟ್ಟುತ್ತಾನೆ. ಫ್ಲುಯೆಲ್ಲೆನ್ ಕರಗಿಹೋಗುತ್ತಾನೆ. ಇತಿಹಾಸದ ಹೆನ್ರಿ ಏನು ಮಾಡಿದ್ದ? ವೇಲ್ಸಿನಲ್ಲಿ 1400ರಲ್ಲಿ ಓವೈನ್ ಗ್ಲಿಂಡೂರ್ ಎಂಬವನು ಇಂಗ್ಲಿಷರ ವಿರುದ್ಧ ಎದ್ದಾಗ ಆ ದಂಗೆಯನ್ನು ತುಳಿಯಲು ವರ್ಷಗಟ್ಟಲೆ ದುಡಿದವನು ಯುವರಾಜನಾಗಿದ್ದ ಇದೇ ಹೆನ್ರಿ. ಯುದ್ಧಕ್ಕೆ ಆಳು ಬೇಕಾದಾಗ "ನಾನೂ ನಿಮ್ಮವನೇ" ಎನ್ನುವುದು, ಕೆಲಸ ಮುಗಿದ ಮೇಲೆ ನಗುವುದು. ಚುನಾವಣೆ ಬಂದಾಗ ನಮ್ಮ ಜಗಲಿಗೆ ಬಂದು ಎರಡು ಮಾತು ಕನ್ನಡದಲ್ಲಿ ಆಡಿ ಹೋಗುವವರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೈಗವಸಿನ ಪ್ರಸಂಗವಂತೂ ಇನ್ನೂ ಸ್ಪಷ್ಟ. ಯುದ್ಧದ ಹಿಂದಿನ ರಾತ್ರಿ ಅರಸ ವೇಷ ಮರೆಸಿ ಪಾಳೆಯದಲ್ಲಿ ಸುತ್ತುತ್ತಾನೆ. ಮೈಕೆಲ್ ವಿಲಿಯಮ್ಸ್ ಎಂಬ ಸಾಮಾನ್ಯ ಸಿಪಾಯಿಯೊಂದಿಗೆ ವಾದಕ್ಕಿಳಿಯುತ್ತಾನೆ. ಯುದ್ಧದ ಕಾರಣ ನ್ಯಾಯವಾದದ್ದಲ್ಲದಿದ್ದರೆ ಕಡಿದುಹೋದ ಕೈಕಾಲುಗಳೆಲ್ಲ ಕಡೆಯ ದಿನ ಒಟ್ಟುಗೂಡಿ ಅರಸನ ಮೇಲೆ ದೂರು ಹೇಳುತ್ತವೆ ಎಂದು ವಿಲಿಯಮ್ಸ್ ನಿರ್ಭಯವಾಗಿ ಹೇಳುತ್ತಾನೆ. ಮಾತಿಗೆ ಮಾತು ಬೆಳೆದು ಇಬ್ಬರೂ ಕೈಗವಸು ಬದಲಾಯಿಸಿಕೊಳ್ಳುತ್ತಾರೆ. ಬದುಕಿ ಉಳಿದರೆ ಈ ಕೈಗವಸು ತೊಟ್ಟವನ ಕಪಾಳಕ್ಕೆ ಹೊಡೆಯುತ್ತೇನೆ ಎಂದು ಶಪಥವಾಗುತ್ತದೆ. ಗೆದ್ದ ಮೇಲೆ ಅರಸ ಏನು ಮಾಡಿದ? ಆ ಕೈಗವಸನ್ನು, ಇದು ಶತ್ರುವಿನದು ಎಂದು ಸುಳ್ಳು ಹೇಳಿ, ಫ್ಲುಯೆಲ್ಲೆನ್ನನ ಟೊಪ್ಪಿಗೆಗೆ ಸಿಕ್ಕಿಸಿದ. ಅರಸನ ಕಪಾಳಕ್ಕೆ ಬೀಳಬೇಕಾಗಿದ್ದ ಏಟು ವೆಲ್ಷ್‌ನವನಿಗೆ ಬಿತ್ತು. ಇದನ್ನೂ ಹಾಸ್ಯವೆಂದೇ ಆಡುತ್ತಾರೆ. ಹಾಸ್ಯ ಯಾರಿಗೆ? ಏಟು ತಿಂದವನಿಗಂತೂ ಅಲ್ಲ.

ಇಲ್ಲಿ ನನ್ನ ಎದುರಾಳಿಗಳು ಒಂದು ಮಾತನ್ನು ಎತ್ತುತ್ತಾರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಐದನೆಯ ಅಂಕದಲ್ಲಿ ಫ್ಲುಯೆಲ್ಲೆನ್ ಗೆಲ್ಲುತ್ತಾನಲ್ಲ ಎನ್ನುತ್ತಾರೆ. ವೇಲ್ಸಿನವರು ತಮ್ಮ ಸಂತ ಡೇವಿಡನ ಹಬ್ಬದ ದಿನ ಟೊಪ್ಪಿಗೆಯಲ್ಲಿ ಲೀಕ್ ಎಂಬ ಈರುಳ್ಳಿ ಜಾತಿಯ ಗಿಡವನ್ನು ಸಿಕ್ಕಿಸಿಕೊಳ್ಳುತ್ತಾರೆ. ಪಿಸ್ಟಲ್ ಎಂಬ ಬಾಯಿಬಡುಕ ಅದನ್ನು ಗೇಲಿ ಮಾಡುತ್ತಾನೆ. ಫ್ಲುಯೆಲ್ಲೆನ್ ದೊಣ್ಣೆಯಿಂದ ಬಾರಿಸಿ ಅದೇ ಲೀಕನ್ನು ಪಿಸ್ಟಲ್ಲನಿಗೆ ಹಸಿಯಾಗಿ ತಿನ್ನಿಸುತ್ತಾನೆ. ಇಂಗ್ಲಿಷ್ ಚೆನ್ನಾಗಿ ಬಾರದವನಿಗೆ ಇಂಗ್ಲಿಷ್ ದೊಣ್ಣೆಯೂ ಹಿಡಿಯಲು ಬಾರದು ಎಂದುಕೊಂಡೆಯಾ ಎಂದು ಗವರ್ ಪಿಸ್ಟಲ್ಲನಿಗೆ ಛೀಮಾರಿ ಹಾಕುತ್ತಾನೆ. ಆದ್ದರಿಂದ ಕವಿ ಗಡಿಯವನ ಪಕ್ಷದಲ್ಲೇ ಇದ್ದಾನೆ ಎಂಬುದು ಅವರ ವಾದ.

ಕವಿ ದೊಡ್ಡವನು, ಒಪ್ಪಿದೆ. ಅವನು ಬರೆದ ನಗೆಯೊಳಗೇ ಆ ನಗೆಗೆ ಉತ್ತರವನ್ನೂ ಇಟ್ಟಿದ್ದಾನೆ. ಅದಿಲ್ಲದಿದ್ದರೆ ಈ ನಾಟಕವನ್ನು ನಾನು ಇಷ್ಟು ವರ್ಷ ಓದುತ್ತಿರಲಿಲ್ಲ. ಆದರೆ ಗವರ್ ಕೊಟ್ಟ ಮರ್ಯಾದೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಿ. ಫ್ಲುಯೆಲ್ಲೆನ್ ಹಾರ್‌ಫ್ಲರಿನಲ್ಲಿ ಹೋರಾಡಿದ, ಅಜಿನ್‌ಕೋರ್ಟಿನಲ್ಲಿ ಹೋರಾಡಿದ, ಅರಸನ ಪಾಲಿನ ಏಟು ತಿಂದ, ಕೊನೆಗೆ ದೊಣ್ಣೆ ಎತ್ತಿದ. ಇಷ್ಟಾದ ಮೇಲೆ ಅವನ ಮಾತಿಗೆ ನಗಬೇಡ ಎಂದು ಒಬ್ಬ ಇಂಗ್ಲಿಷಿನವನು ಹೇಳಿದ. ನೆಟ್ಟಗಿನ ಇಂಗ್ಲಿಷ್ ಆಡುವ ಗವರನಿಗೆ ಈ ಮರ್ಯಾದೆ ಹುಟ್ಟಿನಿಂದಲೇ ಬಂತು; ಅವನು ಯಾರಿಗೂ ಈರುಳ್ಳಿ ತಿನ್ನಿಸಬೇಕಾಗಿ ಬರಲಿಲ್ಲ. ನಮ್ಮ ಮಕ್ಕಳು ಮರ್ಯಾದೆಗಾಗಿ ಯಾವ ದೊಣ್ಣೆ ಎತ್ತಬೇಕು? ರ‍್ಯಾಂಕ್ ತೆಗೆಯಬೇಕೇ? ಎರಡು ಭಾಷೆಯವರಿಗಿಂತ ಎರಡು ಪಾಲು ಹೆಚ್ಚು ನಿಷ್ಠೆ ತೋರಿಸಬೇಕೇ?

ಮ್ಯಾಕ್‌ಮಾರಿಸನಿಗೆ ಆ ಮರ್ಯಾದೆಯೂ ಸಿಗಲಿಲ್ಲ. ಕೋಟೆಯ ಅಡಿಯಲ್ಲಿ ಸುರಂಗ ತೋಡಿಸುವ ಕೆಲಸ ಅವನದು. ಮುತ್ತಿಗೆಯ ಹೊಣೆ ಹೊತ್ತ ರಾಜಕುಮಾರನೇ ಅವನ ಮಾತಿನಂತೆ ನಡೆಯುತ್ತಿದ್ದಾನೆ ಎಂದು ಗವರ್ ಹೇಳುತ್ತಾನೆ. ಇಷ್ಟು ದೊಡ್ಡ ಹೊಣೆಯ ಮನುಷ್ಯ ನಾಟಕದಲ್ಲಿ ಮಾತನಾಡುವುದು ಒಂದೇ ದೃಶ್ಯದಲ್ಲಿ. "ನಿಮ್ಮ ರಾಷ್ಟ್ರದವರು" ಎಂದು ಫ್ಲುಯೆಲ್ಲೆನ್ ಬಾಯಿ ತೆರೆದ ಕೂಡಲೇ ಅವನು ಕಿಡಿಯಾಗುತ್ತಾನೆ, ನನ್ನ ರಾಷ್ಟ್ರ ಯಾವುದು, ಅದರ ಮಾತು ಎತ್ತುವವನು ಯಾರು ಎಂದು ಕೂಗುತ್ತಾನೆ. ಆಮೇಲೆ ಅವನು ನಾಟಕದಿಂದಲೇ ಮಾಯ. ನಾಟಕ ಬರೆದ 1599ರಲ್ಲಿ ಐರ್ಲೆಂಡಿನಲ್ಲಿ ಹ್ಯೂ ಓ'ನೀಲನ ದಂಗೆ ನಡೆಯುತ್ತಿತ್ತು. ಅದನ್ನು ಅಡಗಿಸಲು ಎಸೆಕ್ಸಿನ ಅರ್ಲ್ ದೊಡ್ಡ ಸೈನ್ಯದೊಂದಿಗೆ ಹೋಗಿದ್ದ, ಆ ವರ್ಷವೇ ಸೋತು ಮರಳಿದ. ಹೊರಗೆ ಐರಿಷರ ಮೇಲೆ ಯುದ್ಧ, ಒಳಗೆ ರಂಗದ ಮೇಲೆ ಐರಿಷಿನವನ ಉಚ್ಚಾರಕ್ಕೆ ನಗೆ. ನಿನ್ನ ರಾಷ್ಟ್ರ ಯಾವುದು ಎಂಬ ಪ್ರಶ್ನೆ ಗಡಿಯವನಿಗೆ ಏಕೆ ಉರಿಯುತ್ತದೆ ಎಂದು ಆ ಸಭೆಯಲ್ಲಿ ಕುಳಿತವರು ಯೋಚಿಸಿದ್ದರೋ ಇಲ್ಲವೋ, 1956ರ ನವೆಂಬರ್ 1ರಂದು ಮಲಗಿದ್ದಲ್ಲಿಂದ ಏಳದೆಯೇ ರಾಜ್ಯ ಬದಲಾದ ಮನೆಗಳವರು ಯೋಚಿಸಬಲ್ಲರು.

ಇನ್ನೊಬ್ಬನಿದ್ದಾನೆ. ಅವನಿಗೆ ಹೆಸರೂ ಇಲ್ಲ, 'ಹುಡುಗ' ಎಂದಷ್ಟೇ ಇದೆ. ಪಿಸ್ಟಲ್ ಮತ್ತು ಅವನ ಜೊತೆಗಾರರ ಸೇವೆಗೆಂದು ಯುದ್ಧಕ್ಕೆ ಬಂದವನು. ಪಿಸ್ಟಲ್ ಒಬ್ಬ ಫ್ರೆಂಚ್ ಸೈನಿಕನನ್ನು ಸೆರೆ ಹಿಡಿದಾಗ ಇವನಿಗೆ ಅವನ ಭಾಷೆ ತಿಳಿಯದು, ಅವನಿಗೆ ಇವನ ಭಾಷೆ ತಿಳಿಯದು. ನಡುವೆ ನಿಂತು ಎರಡೂ ಭಾಷೆಗಳಲ್ಲಿ ಮಾತು ದಾಟಿಸಿ ಆ ಫ್ರೆಂಚನ ಜೀವ ಉಳಿಸಿದವನು ಈ ಹುಡುಗ. ಸಾಮಾನು ಸರಂಜಾಮು ಕಾಯಲು ಹುಡುಗರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಹೇಳಿ ಅವನು ಹೋಗುತ್ತಾನೆ. ಆಮೇಲೆ ಫ್ರೆಂಚರು ಆ ಹುಡುಗರ ಮೇಲೆ ಬಿದ್ದರು, ಒಬ್ಬನೂ ಉಳಿಯಲಿಲ್ಲ ಎಂಬ ಸುದ್ದಿ ಬರುತ್ತದೆ. ಗೆದ್ದ ಮೇಲೆ ಅರಸನ ಕೈಗೆ ಸತ್ತವರ ಪಟ್ಟಿ ಬರುತ್ತದೆ. ಇಂಗ್ಲಿಷರ ಕಡೆ ಹೆಸರಿರುವವರು ನಾಲ್ವರು, ಉಳಿದವರು ಇಪ್ಪತ್ತೈದು ಮಂದಿ. ನಾಲ್ವರಲ್ಲಿ ಕೊನೆಯ ಹೆಸರು ಡೇವಿ ಗ್ಯಾಮ್ ಎಂಬ ವೇಲ್ಸಿನವನದು. ಹುಡುಗನ ಹೆಸರು ಪಟ್ಟಿಯಲ್ಲಿರುವುದು ಸಾಧ್ಯವೇ ಇಲ್ಲ. ಅವನಿಗೆ ಹೆಸರೇ ಇರಲಿಲ್ಲವಲ್ಲ. ಎರಡು ಭಾಷೆಗಳಲ್ಲಿ ಹೊರಡುವ ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದವರಿಗೆ, ಎರಡು ಭಾಷೆ ಬಲ್ಲ ಈ ಹುಡುಗನ ಪಾತ್ರ ಅರಸನ ಪಾತ್ರಕ್ಕಿಂತ ಹತ್ತಿರದ್ದೆಂದು ಕಾಣಬೇಕು. ಪ್ರದರ್ಶನಗಳಲ್ಲಿ ಸಮಯ ಸಾಲದೆಂದು ಕತ್ತರಿಸುವಾಗ ಮೊದಲು ಹೋಗುವುದು ಇಂಥ ಪಾತ್ರವೇ.

ಕ್ಯಾಥರಿನ್ ಇಂಗ್ಲಿಷ್ ಕಲಿಯುವ ದೃಶ್ಯವನ್ನೂ ಹಾಸ್ಯವೆಂದೇ ಹೇಳುತ್ತಾರೆ. ರಾಜಕುಮಾರಿ ತನ್ನ ಸಖಿ ಆಲಿಸಳನ್ನು ಕೂರಿಸಿಕೊಂಡು ಕೈ, ಬೆರಳು, ಉಗುರು, ಮೊಣಕೈ, ಕುತ್ತಿಗೆ, ಗಲ್ಲಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಕೇಳಿ ತಪ್ಪು ತಪ್ಪಾಗಿ ಉರುಹೊಡೆಯುತ್ತಾಳೆ. ದೃಶ್ಯ ಬಹುಪಾಲು ಫ್ರೆಂಚಿನಲ್ಲಿದೆ, ಚೆಂದವಾಗಿದೆ. ಆದರೆ ಅದು ಬರುವುದು ಎಲ್ಲಿ? ಹಾರ್‌ಫ್ಲರಿನ ಬಾಗಿಲಲ್ಲಿ ನಿಂತ ಅರಸ, ಶರಣಾಗದಿದ್ದರೆ ನಿಮ್ಮ ಹೆಣ್ಣುಮಕ್ಕಳನ್ನೂ ಹಸುಳೆಗಳನ್ನೂ ನನ್ನ ಸಿಪಾಯಿಗಳ ಕೈಯಿಂದ ಕಾಪಾಡಲಾರೆ ಎಂದು ಬೆದರಿಸಿ ಊರನ್ನು ಗೆದ್ದ ಮರುಕ್ಷಣದಲ್ಲಿ. ಅದಾದ ಮೇಲೆ ಒಬ್ಬ ಹೆಣ್ಣುಮಗಳು ಗೆಲ್ಲುವವನ ಭಾಷೆಯಲ್ಲಿ ತನ್ನ ಮೈಯ ಅಂಗಾಂಗಗಳ ಹೆಸರು ಕಲಿಯುತ್ತಾಳೆ. ಏಕೆ ಕಲಿಯುತ್ತಾಳೆಂದು ಅವಳಿಗೆ ಗೊತ್ತಿದೆ. ಕಲಿಯದೆ ಗತಿಯಿಲ್ಲ ಎಂದು ಅವಳೇ ಹೇಳುತ್ತಾಳೆ.

ಕೊನೆಯ ಅಂಕದಲ್ಲಿ ಅರಸ ಅವಳನ್ನು ಒಲಿಸಲು ಬಂದು ತಾನೂ ನಾಲ್ಕು ಮಾತು ಫ್ರೆಂಚಿನಲ್ಲಿ ತಡವರಿಸುತ್ತಾನೆ. ನನ್ನ ವಾದದ ಗಂಟು ಇಲ್ಲಿದೆ. ಫ್ಲುಯೆಲ್ಲೆನ್ ಅನ್ಯಭಾಷೆಯಲ್ಲಿ ತಪ್ಪಿದರೆ ಅವನು ಕೋಡಂಗಿ. ಅರಸ ಅನ್ಯಭಾಷೆಯಲ್ಲಿ ತಪ್ಪಿದರೆ ಅದು ಸರಳತೆ, ಪ್ರೀತಿ, ಗಂಡಸಿನ ನೇರ ನಡೆ. ಸಭೆ ಆಗಲೂ ನಗುತ್ತದೆ, ಆದರೆ ಆ ನಗೆ ಅವನನ್ನು ತಬ್ಬಿಕೊಳ್ಳುವ ನಗೆ. ತಪ್ಪು ಎರಡೂ ಕಡೆ ಒಂದೇ. ತಪ್ಪಿದವನು ಯಾರು ಎಂಬುದರ ಮೇಲೆ ನಗೆಯ ಬಣ್ಣ ಬದಲಾಗುತ್ತದೆ. ಹಾಗಾದರೆ ನಾವು ನಗುತ್ತಿರುವುದು ಉಚ್ಚಾರಕ್ಕೇ ಅಲ್ಲ. ಉಚ್ಚಾರವನ್ನು ನೆಪ ಮಾಡಿಕೊಂಡು, ಯಾರು ಮೇಲೆ ಯಾರು ಕೆಳಗೆ ಎಂಬುದನ್ನು ಸಭೆಗೆ ನೆನಪಿಸುತ್ತಿದ್ದೇವೆ.

"ಹಾಸ್ಯ ನವರಸಗಳಲ್ಲಿ ಒಂದು, ಅದನ್ನೇ ತೆಗೆದರೆ ನಾಟಕ ಏನು ಉಳಿಯಿತು?" ಎಂಬುದು ಎರಡನೆಯ ಆಕ್ಷೇಪ. ತೆಗೆಯಿರಿ ಎಂದು ನಾನು ಹೇಳಲೇ ಇಲ್ಲ. ಇದೇ ನಾಟಕದ ಪಿಸ್ಟಲ್ಲನನ್ನು ನೋಡಿ. ಅವನ ಹಾಸ್ಯಕ್ಕೆ ಉಚ್ಚಾರದ ದೋಷ ಬೇಕಾಗಿಲ್ಲ. ಹೇಡಿಯಾದ ಅವನು ಹಳೆಯ ನಾಟಕಗಳ ವೀರರ ಹಾಗೆ ಅಬ್ಬರಿಸುತ್ತಾನೆ. ಬಾಯಿಗೂ ನಡತೆಗೂ ಇರುವ ದೂರವೇ ಅವನ ಹಾಸ್ಯ. ಅದಕ್ಕೆ ಎಷ್ಟು ಬೇಕಾದರೂ ನಗಿ. ಒಬ್ಬನ ಗುಣಕ್ಕೆ ನಗುವುದು ಒಂದು, ಅವನ ತಾಯಿ ಕೊಟ್ಟ ನಾಲಗೆಗೆ ನಗುವುದು ಇನ್ನೊಂದು. ಗುಣವನ್ನು ಅವನು ತಿದ್ದಿಕೊಳ್ಳಬಹುದು, ನಾಲಗೆಯನ್ನು ಏನು ಮಾಡಲಿ?

ನಗೆ ನಗೆಯಾಗಿಯೇ ಉಳಿಯುತ್ತದೆ, ಅದರಿಂದ ಯಾರಿಗೂ ನಷ್ಟವಿಲ್ಲ ಎಂಬುದು ಮೂರನೆಯ ಆಕ್ಷೇಪ. ವೇಲ್ಸಿನ ಚರಿತ್ರೆ ಬೇರೆ ಹೇಳುತ್ತದೆ. ಫ್ಲುಯೆಲ್ಲೆನ್ ರಂಗಕ್ಕೆ ಬರುವ 63 ವರ್ಷಗಳ ಮೊದಲೇ, 1536ರಲ್ಲಿ, ವೇಲ್ಸಿನ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಮಾತ್ರ, ವೆಲ್ಷ್ ಆಡುವವನಿಗೆ ಸರಕಾರಿ ಹುದ್ದೆಯಿಲ್ಲ ಎಂದು ಕಾನೂನಾಗಿತ್ತು. ಕಚೇರಿಯಿಂದ ಹೊರಗೆ ಹಾಕಿದ ಭಾಷೆಯನ್ನು ರಂಗಸ್ಥಳದ ಮೇಲೆ ಕೋಡಂಗಿ ಮಾಡಿದರು. ಅಲ್ಲಿಂದ ಅದು ಶಾಲೆಗೆ ಇಳಿಯಿತು. 19ನೆಯ ಶತಮಾನದಲ್ಲಿ ವೇಲ್ಸಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ಕಟ್ಟುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಆಡಿ ಸಿಕ್ಕಿಬಿದ್ದರೆ ಅದು ಆ ಕೊರಳಿಗೆ ಹೋಗುತ್ತಿತ್ತು. ಶಾಲೆ ಬಿಡುವಾಗ ಯಾರ ಕೊರಳಲ್ಲಿದೆಯೋ ಅವನಿಗೆ ಪೆಟ್ಟು. ಮಕ್ಕಳೇ ಮಕ್ಕಳನ್ನು ಹಿಡಿದುಕೊಡುವ ಏರ್ಪಾಡು! ಅದನ್ನೂ ದಾಟಿ ಆ ಭಾಷೆ ಉಳಿಯಿತು. 1588ರಲ್ಲೇ ಬಂದಿದ್ದ ವೆಲ್ಷ್ ಬೈಬಲ್ ಅದಕ್ಕೆ ಬೇರು ಕೊಟ್ಟಿತ್ತು. 1993ರ ಕಾನೂನು ಸರಕಾರಿ ಕೆಲಸದಲ್ಲಿ ಅದನ್ನು ಇಂಗ್ಲಿಷಿಗೆ ಸಮನಾಗಿ ಕಾಣಬೇಕೆಂದಿತು, 2011ರಲ್ಲಿ ಅದು ವೇಲ್ಸಿನ ಅಧಿಕೃತ ಭಾಷೆಯೆಂದು ಕಾನೂನಿನಲ್ಲೇ ಬರೆಯಲ್ಪಟ್ಟಿತು. 1536ರಿಂದ 2011ಕ್ಕೆ 475 ವರ್ಷ. ನಗೆಯ ಬೆಲೆಯನ್ನು ಹೀಗೂ ಅಳೆಯಬಹುದು.

ಕಾಲದ ವ್ಯಂಗ್ಯವೂ ಒಂದುಂಟು. ಹೆನ್ರಿ 1422ರಲ್ಲಿ ಸತ್ತ. ವಿಧವೆ ಕ್ಯಾಥರಿನ್ ಆಮೇಲೆ ಸಂಸಾರ ಮಾಡಿದ್ದು ಓವೆನ್ ಟ್ಯೂಡರ್ ಎಂಬ ವೇಲ್ಸಿನವನೊಂದಿಗೆ. ಅವರ ಮೊಮ್ಮಗ 1485ರಲ್ಲಿ ಇಂಗ್ಲೆಂಡಿನ ಅರಸನಾದ. ಷೇಕ್ಸ್‌ಪಿಯರನ ಕಾಲದ ರಾಣಿ ಎಲಿಜಬೆತ್ ಆ ವಂಶದವಳೇ. ಲಂಡನ್ನಿನ ಸಭೆ ವೆಲ್ಷ್‌ನವನ ನಾಲಗೆಗೆ ನಗುತ್ತಿದ್ದಾಗ ಆ ಊರಿನ ಸಿಂಹಾಸನದ ಮೇಲೆ ವೆಲ್ಷ್ ರಕ್ತವೇ ಕುಳಿತಿತ್ತು. ಮುಂದೆ 1944ರಲ್ಲಿ ಲಾರೆನ್ಸ್ ಒಲಿವಿಯರ್ ಈ ನಾಟಕವನ್ನು ಮಹಾಯುದ್ಧದ ಉತ್ಸಾಹಕ್ಕಾಗಿ ಸಿನೆಮಾ ಮಾಡಿದಾಗ ಅಜಿನ್‌ಕೋರ್ಟಿನ ಕಾಳಗವನ್ನು ಚಿತ್ರೀಕರಿಸಿದ್ದು ಐರ್ಲೆಂಡಿನ ನೆಲದಲ್ಲಿ, ಅಲ್ಲಿನ ಜನರನ್ನೇ ಸೈನಿಕರನ್ನಾಗಿ ನಿಲ್ಲಿಸಿ. ಹಾರ್‌ಫ್ಲರಿನ ಬೆದರಿಕೆಯನ್ನೂ ಸೆರೆಯಾಳುಗಳ ಕೊಲೆಯನ್ನೂ ಆ ಸಿನೆಮಾದಿಂದ ಕತ್ತರಿಸಿದರು. ಅರಸನ ಮುಖಕ್ಕೆ ಮಸಿ ಹತ್ತುವ ಭಾಗ ಹೋಯಿತು; ಮೂವರು ಕ್ಯಾಪ್ಟನ್ನರ ಉಚ್ಚಾರ ಉಳಿಯಿತು.

ಈಗ ನಮ್ಮ ಅಂಗಳಕ್ಕೆ ಬರೋಣ. ಏಳು ಭಾಷೆಗಳ ಸಂಗಮ ಎಂದು ನಾವು ಎದೆ ತಟ್ಟಿಕೊಳ್ಳುವ ನೆಲ ಇದು. ಪಾರ್ತಿಸುಬ್ಬನ ಕುಂಬಳೆ, ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರರ ಪೆರಡಾಲ ಇಲ್ಲಿಯೇ ಇವೆ. ಇಲ್ಲಿ ನಾಲಗೆಗೆ ನಗುವ ಆಟ ಮೂರು ದಿಕ್ಕಿನಿಂದ ನಡೆಯುತ್ತದೆ. ನಮ್ಮ ಮಕ್ಕಳು ಮಲಯಾಳದಲ್ಲಿ ಮಳೆಗೆ 'ಮೞ' ಎನ್ನಲಾರದೆ 'ಮಳ' ಎಂದರೆ ತೆಂಕಣವರು ನಗುತ್ತಾರೆ. ಆ 'ೞ' ಹಳಗನ್ನಡದಲ್ಲಿಯೂ ಇತ್ತು, ನಾವು 'ಮೞೆ' ಎನ್ನುತ್ತಿದ್ದೆವು; ನಾವು ಕಳೆದುಕೊಂಡದ್ದನ್ನು ಅವರು ಉಳಿಸಿಕೊಂಡಿದ್ದಾರೆ ಎಂದು ಎರಡು ಕಡೆಯವರಿಗೂ ಯಾರೂ ಹೇಳಿಕೊಡುವುದಿಲ್ಲ. ನಾವು 'ಉಂಟು', 'ಎಂತ' ಎಂದರೆ ಘಟ್ಟದ ಮೇಲಿನವರು ನಗುತ್ತಾರೆ; ಕನ್ನಡ ಸಿನೆಮಾದಲ್ಲಿ ನಮ್ಮ ಕರಾವಳಿಯ ಕನ್ನಡ ಕೇಳಿಸಿದರೆ ಹಾಸ್ಯಪಾತ್ರ ಬಂತೆಂದೇ ಬಹಳ ಕಾಲ ಲೆಕ್ಕ. 'ಉಂಟು' ಎಂಬುದು ಮಲಯಾಳದಲ್ಲಿಯೂ ಉಂಟು, ತುಳುವಿನಲ್ಲಿ 'ಉಂಡು'. ನಮ್ಮೆಲ್ಲರ ಹಳೆಯ ಒಡವೆ ಅದು. ಮೂರನೆಯ ದಿಕ್ಕು ನಾವೇ. ಮಲಯಾಳದ ಮನೆಯಿಂದ, ಬ್ಯಾರಿ ಮನೆಯಿಂದ, ಮರಾಟಿ ಮನೆಯಿಂದ ಕನ್ನಡ ಶಾಲೆಗೆ ಬಂದ ಮಗುವಿನ ಕನ್ನಡಕ್ಕೆ ನಗುವವರು ನಾವು.

ಒಂದು ನಾಟಕ ಸ್ಪರ್ಧೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಊರು ಬೇಡ. ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ದೂತನ ಪಾರ್ಟು ಕೊಟ್ಟಿದ್ದರು. ಮನೆಮಾತು ಮಲಯಾಳ. ಅವನು ಕನ್ನಡ ಚೆನ್ನಾಗಿಯೇ ಕಲಿತಿದ್ದ, ಆದರೆ ಮಾತಿನ ರಾಗ ಮನೆಯದ್ದು. ಅವನು ಬಂದು ಯುದ್ಧದಲ್ಲಿ ಅರಸನ ಮಗ ಸತ್ತ ಸುದ್ದಿ ಹೇಳಬೇಕು. ಹೇಳಿದ, ಮನಸ್ಸಿಟ್ಟು ಹೇಳಿದ. ಸಭೆ ಗೊಳ್ಳೆಂದು ನಕ್ಕಿತು. ಹುಡುಗ ಒಂದು ಕ್ಷಣ ಸುಮ್ಮನೆ ನಿಂತ. ಅಳುವ ಸುದ್ದಿ ತಂದವನಿಗೆ ಏಕೆ ನಗುತ್ತಾರೆಂದು ಅವನಿಗೆ ಅರ್ಥವಾಗಲಿಲ್ಲ. ಕೊನೆಗೆ ತೀರ್ಪುಗಾರರಲ್ಲೊಬ್ಬರು 'ಉಚ್ಚಾರ ಶುದ್ಧಿ'ಯ ಬಗ್ಗೆ ಉಪದೇಶ ಮಾಡಿದರು. ಮರುವರ್ಷದ ತಂಡದಲ್ಲಿ ಆ ಹುಡುಗ ಇರಲಿಲ್ಲ. ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂದು ನಾವು ಸಭೆ ಸೇರಿ ಠರಾವು ಮಾಡುತ್ತೇವೆ. ಬೇರೆ ಮನೆಮಾತಿನಿಂದ ನಮ್ಮ ಭಾಷೆಗೆ ತಾನಾಗಿ ಬಂದವನನ್ನು ರಂಗದಿಂದ ಇಳಿಸಿ ಕಳುಹಿಸಿದ್ದಕ್ಕೆ ಠರಾವು ಇಲ್ಲ.

ಕೇರಳದಲ್ಲಿ ಮಲಯಾಳವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದ 2017ರ ಕಾನೂನಿನ ವಿಷಯದಲ್ಲಿ ನಾವು ದನಿ ಎತ್ತಿದೆವು, ಎತ್ತಬೇಕಾದದ್ದೇ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಕ್ಕಳ ಎದುರು ನಿಲ್ಲಿಸಿದರೆ ಪ್ರತಿಭಟಿಸುತ್ತೇವೆ, ಅದೂ ಸರಿಯೇ. ಆದರೆ ನಮ್ಮ ನಾಲಗೆಗೆ ಮರ್ಯಾದೆ ಕೇಳುವ ನಾವು ಇನ್ನೊಬ್ಬನ ನಾಲಗೆಗೆ ಮರ್ಯಾದೆ ಕೊಡದಿದ್ದರೆ ನಮ್ಮ ಕೇಳಿಕೆಗೆ ತೂಕವಿರುವುದಿಲ್ಲ. ಫ್ಲುಯೆಲ್ಲೆನ್ನನನ್ನು ಅವಮಾನ ಮಾಡಿದ ಪಿಸ್ಟಲ್ ಸ್ವತಃ ದೊಡ್ಡವನೇನಲ್ಲ. ಅವನೂ ತುತ್ತು ಅನ್ನಕ್ಕೆ ಯುದ್ಧಕ್ಕೆ ಬಂದವನು. ಕೆಳಗಿದ್ದವನೇ ತನಗಿಂತ ಕೆಳಗೆ ಒಬ್ಬ ಬೇಕೆಂದು ಹುಡುಕುತ್ತಾನೆ.

ನಮ್ಮ ನಾಟಕ ಬರೆಯುವವರಲ್ಲಿ, ಆಡಿಸುವವರಲ್ಲಿ, ತೀರ್ಪು ಕೊಡುವವರಲ್ಲಿ ನಾನು ಕೇಳುವುದು ನಾಲ್ಕು ವಿಷಯ. ಅರಸನ ಪಾರ್ಟನ್ನು ಅಭಿನಯ ನೋಡಿ ಕೊಡಿ, ಮನೆಮಾತು ನೋಡಿ ಕೊಡಬೇಡಿ. ತುಳು ರಾಗದ ಕೃಷ್ಣದೇವರಾಯನಿಂದ ವಿಜಯನಗರವೇನೂ ಬೀಳುವುದಿಲ್ಲ. ದೂತನೂ ಕಾವಲುಗಾರನೂ ನಗಿಸಲಿ, ಆದರೆ ಹೇಡಿತನಕ್ಕೆ, ಹೊಟ್ಟೆಬಾಕತನಕ್ಕೆ, ಜಂಭಕ್ಕೆ ನಗಿಸಲಿ. 'ಐದನೆಯ ಹೆನ್ರಿ'ಯಂಥ ನಾಟಕವನ್ನು ಯಾರಾದರೂ ಕನ್ನಡಕ್ಕೋ ಮಲಯಾಳಕ್ಕೋ ತಂದರೆ ಫ್ಲುಯೆಲ್ಲೆನ್ನನಿಗೆ ನೆರೆಯವನ ಉಚ್ಚಾರವನ್ನು ತೊಡಿಸಬೇಡಿ. ಅವನು ನಮ್ಮದೇ ಮಾತನ್ನು ನೆಟ್ಟಗೆ ಆಡಲಿ, ಆಗ ಅವನು ಅರಸನ ಬಗ್ಗೆ ಏನು ಹೇಳುತ್ತಾನೆಂದು ಸಭೆಗೆ ಕೇಳಿಸುತ್ತದೆ. ಅಂಕ ಕೊಡುವ ಹಾಳೆಯಲ್ಲಿ 'ಉಚ್ಚಾರ ಶುದ್ಧಿ' ಎಂಬ ಕಲಮನ್ನು ತೆಗೆದು 'ಮಾತಿನ ಸ್ಪಷ್ಟತೆ' ಎಂದು ಬರೆಯಿರಿ. ಕೊನೆಯ ಸಾಲಿನವನಿಗೆ ಮಾತು ತಿಳಿಯಿತೋ ಇಲ್ಲವೋ ಅಷ್ಟು ನೋಡಿದರೆ ಸಾಕು.

ಕಾನೂನು ತಿದ್ದಲು ನಮ್ಮ ಕೈಯಲ್ಲಿ ಅಧಿಕಾರವಿಲ್ಲ, ಗಡಿ ಸರಿಸಲು ಶಕ್ತಿಯಿಲ್ಲ. ಮುಂದಿನ ಸ್ಕೂಲ್ ಡೇಯಂದು ಯಾವ ಹುಡುಗನ ಮಾತಿಗೆ ನಗಬೇಕು, ಯಾವುದಕ್ಕೆ ನಗಬಾರದು ಎಂಬುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಇಷ್ಟನ್ನಾದರೂ ನಾವು ಮಾಡೋಣ.